ಮೊಣಕೈ ನೆಟ್ಟಗಾಗವಲ್ದು ಅಂದ್ರ ಮೊದ್ಲು ಇಸಿಜಿ ಮಾಡಿಸ್ರಿ

ನಾನು ಗಂಗಾವತಿಯಾಗ ಫಿಸಿಯೋಥೆರಪಿ ಮಾಡ್ತೀನ್ರಿ, ಡಾಕ್ಟರ್ ಅಲ್ಲ, ಇದನ್ನ ಮೊದ್ಲ ಹೇಳಿಬಿಡ್ತೀನಿ. ಕಾರಟಗಿ, ಸಿಂಧನೂರು, ಕಂಪ್ಲಿ, ಸಿರುಗುಪ್ಪ ಕಡಿಂದೆಲ್ಲಾ ಹುಡುಗರನ್ನ ಕರ್ಕೊಂಡು ಬರ್ತಾರ, ತುದಿಗಾಲಿನ್ಯಾಗ ನಡೀತಾನ್ರಿ, ಕೈ ಪೂರಾ ಚಾಚಾಕ ಬರವಲ್ದು, ಎಣ್ಣಿ ಹಚ್ಚಿ ತಿಕ್ಕಿ ಸಾಕಾತು ಅಂತಾರ. ಹಿಂಗ ಬರೋರೊಳಗ ಬಾಳ ಮಂದಿಗೆ ದೊಡ್ಡದೇನೂ ಇರಂಗಿಲ್ಲ, ಯಾವಾಗೋ ಬಿದ್ದು ಮೊಣಕೈ ಮುರಕೊಂಡಿರ್ತಾರ, ಇಲ್ಲಾ ಸಣ್ಣಿದ್ದಾಗಿಂದ ತುದಿಗಾಲಿನ ರೂಢಿ ಇರ್ತೈತಿ. ಆದ್ರ ಅಪರೂಪಕ್ಕ ಒಬ್ಬಿಬ್ರಿಗೆ ಎಮರಿ ಡ್ರೈಫಸ್ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನೋ ಕಾಯಿಲಿ ಇರ್ತೈತಿ, ಅದರಾಗ ಕೈಕಾಲು ಸಣ್ಣ ವಿಷಯ, ಜೀವಕ್ಕ ಅಪಾಯ ಇರೋದು ಹಾರ್ಟಿನ್ಯಾಗ. ಇದನ್ನ ಹೆಂಗ ಗುರ್ತು ಹಿಡಿಬೇಕು, ಯಾವ ಟೆಸ್ಟ್ ಮೊದ್ಲು ಯಾವ್ದು ಆಮ್ಯಾಲ, ರಿಪೋರ್ಟ್ ಬಂದ್ ಮ್ಯಾಲ ಮನ್ಯಾಗ ಯಾರ್ಯಾರಿಗೆ ನೋಡಿಸ್ಬೇಕು, ಅಷ್ಟನ್ನ ಇಲ್ಲಿ ಬರೀತೀನಿ.

ಒಳಗ ಏನ್ ನಡಿತೈತಿ

ಇದು ಗೊತ್ತಿಲ್ದ ಮುಂದಿನದು ತಿಳಿಯಂಗಿಲ್ಲ, ಅದಕ್ಕ ಸ್ವಲ್ಪ ತಾಳ್ಮಿ ಇಟ್ಕೊಂಡು ಓದ್ರಿ. ನಮ್ಮ ಜೀವಕೋಶದ ನಡುವ ನ್ಯೂಕ್ಲಿಯಸ್ ಐತಲ್ಲ, ಡಿಎನ್ಎ ಇರೋದು ಅದರಾಗ, ಅದರ ಸುತ್ತ ಎರಡು ಪದರಿನ ಹೊದಿಕೆ ಐತಿ, ಅಲ್ಲಲ್ಲಿ ರಂಧ್ರ ಅದಾವ, ಸರಕು ಒಳಗ ಹೊರಗ ಓಡಾಡೋದು ಅಲ್ಲಿಂದನ. ಒಳಪದರಕ್ಕ ಅಂಟ್ಕೊಂಡು ಪ್ರೋಟೀನ್ ಎಳಿಗಳ ಒಂದು ಬಲಿ ಐತಿ, ಲ್ಯಾಮಿನಾ ಅಂತಾರ. ಮದುವಿ ಹಂದರದಾಗ ಬಟ್ಟಿ ಕೆಳಗ ಬಿದಿರು ಕಟ್ಟಿರ್ತಾರಲ್ಲ, ಗಾಳಿ ಬೀಸಿದ್ರೂ ಹಂದರ ನಿಲ್ಲೋದು ಆ ಬಿದಿರಿನಿಂದ, ಲ್ಯಾಮಿನಾದ್ದೂ ಅದ ಕೆಲಸ. ಇದನ್ನ ಕಟ್ಟೋ ಪ್ರೋಟೀನುಗಳು ಲ್ಯಾಮಿನ್ ಎ, ಲ್ಯಾಮಿನ್ ಸಿ ಮತ್ತು ಲ್ಯಾಮಿನ್ ಬಿ ಗುಂಪಿನವು. ಎ ಮತ್ತು ಸಿ ಎರಡೂ ಒಂದ ಜೀನಿನಿಂದ ಬರ್ತಾವ, ಎಲ್ಎಮ್ಎನ್ಎ ಅಂತ ಅದರ ಹೆಸ್ರು, 1ನೇ ಕ್ರೋಮೋಸೋಮಿನ ಮ್ಯಾಲ ಐತಿ. ಒಳಪದರದಾಗ ಎಮರಿನ್ ಅನ್ನೋ ಇನ್ನೊಂದು ಪ್ರೋಟೀನ್ ಕುಂತಿರ್ತೈತಿ, 254 ಅಮೈನೋ ಆಸಿಡ್ಡಿನ (ಪ್ರೋಟೀನು ಕಟ್ಟೋ ಸಣ್ಣ ತುಣುಕು) ಸಣ್ಣ ಪ್ರೋಟೀನು, ಅದರ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನ ತುದ್ಯಾಗ. ಇನ್ನ ಸನ್, ನೆಸ್ಪ್ರಿನ್ ಅನ್ನೋವು ಕೂಡಿ ಎರಡೂ ಪದರ ದಾಟಿ ಲ್ಯಾಮಿನಾನ ನ್ಯೂಕ್ಲಿಯಸ್ಸಿನ ಹೊರಗ ಕೋಶದಾಗ ಇರೋ ಆಕ್ಟಿನ್ ಅನ್ನೋ ಪ್ರೋಟೀನ್ ಎಳಿಗಳಿಗೆ ಜೋಡಿಸ್ತಾವ, ಅಂದ್ರ ಕೋಶ ಎಳದಾಗ ಆ ಎಳೆತ ನ್ಯೂಕ್ಲಿಯಸ್ಸಿಗೂ ಮುಟ್ಟತೈತಿ.

ಈಗ ನೋಡ್ರಿ, ಎಳೆತ ಹೆಚ್ಚು ಬೀಳೋದು ಎಲ್ಲಿ, ಸ್ನಾಯುವಿನ್ಯಾಗ ಮತ್ತ ಹಾರ್ಟಿನ್ಯಾಗ. ಹಾರ್ಟು ದಿನಕ್ಕ ಸುಮಾರು 1 ಲಕ್ಷ ಸಲ ಬಡಿತೈತಿ. ಲ್ಯಾಮಿನ್ ಸರಿ ಇಲ್ದಿದ್ರ ಒಂದೊಂದು ಬಡಿತಕ್ಕೂ ನ್ಯೂಕ್ಲಿಯಸ್ ಆಕಾರ ಕೆಡತೈತಿ, ಕೆಲವೊಮ್ಮೆ ಹರೀತೈತಿ. ಇದು ಒಂದು ವಿವರಣೆ. ಇನ್ನೊಂದು ಏನಂದ್ರ ಡಿಎನ್ಎದ ಎಷ್ಟೋ ಭಾಗ ಲ್ಯಾಮಿನಾಕ್ಕ ಅಂಟ್ಕೊಂಡು ಸುಮ್ನ ಕುಂತಿರ್ತೈತಿ, ಲ್ಯಾಮಿನಾ ಕೆಟ್ರ ಸುಮ್ನಿರಬೇಕಾದ ಜೀನು ಎದ್ದು ಕುಂದರತಾವ, ಏಳಬೇಕಾದ್ದು ಏಳಂಗಿಲ್ಲ, ಸ್ನಾಯು ರಿಪೇರಿ ಮಾಡೋ ಕೋಶಗಳು ಸರಿಯಾಗಿ ಬೆಳಿಯಂಗಿಲ್ಲ. ಎರಡರಾಗ ಒಂದ ಖರೆ ಅಂತ ಹಠ ಹಿಡಿಯೋದು ಬ್ಯಾಡ, ಎರಡಕ್ಕೂ ಪುರಾವೆ ಅದಾವ, ಎರಡೂ ಕೂಡೇ ನಡಿತಾವ ಅಂತ ನನಗ ಅನಸ್ತೈತಿ. ನಮ್ಮ ರಾಯಚೂರಿನವರಿಗೆ ಬೆಂಗಳೂರಕಿಂತ ಹತ್ರ ಇರೋ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವಕೋಶ ಸಂಶೋಧನಾ ಸಂಸ್ಥೆಯೊಳಗ ವೀಣಾ ಪಾರ್ನಾಯಿಕ್ ಅನ್ನೋ ವಿಜ್ಞಾನಿ ಲ್ಯಾಮಿನ್ ಮ್ಯಾಲ ವರ್ಷಾನುಗಟ್ಲೆ ಕೆಲಸ ಮಾಡ್ಯಾರ, ಅಂದ್ರ ಇದೇನು ಬರೀ ಅಮೆರಿಕಾದ ಸುದ್ದಿ ಅಲ್ಲ.

ಅಲನ್ ಎಮರಿ, ಫ್ರಿಟ್ಸ್ ಡ್ರೈಫಸ್ ಅನ್ನೋ ಡಾಕ್ಟರುಗಳು 1966ರಾಗ ಅಮೆರಿಕಾದ ವರ್ಜೀನಿಯಾದ ಒಂದು ಕುಟುಂಬ ನೋಡಿ ಬರೆದಿದ್ದು ಈ ಕಾಯಿಲಿ. ಎಮರಿನ್ ಜೀನು ಸಿಕ್ಕಿದ್ದು 1994ರಾಗ. ಎಲ್ಎಮ್ಎನ್ಎ ಕೆಟ್ರೂ ಅದ ಕಾಯಿಲಿ ಬರ್ತೈತಿ ಅಂತ 1999ರಾಗ ಪ್ಯಾರಿಸ್ಸಿನ ಜಿಸೆಲ್ ಬಾನ್ ಅವರ ತಂಡ ತೋರಿಸ್ತು. ಎಫ್ಎಚ್ಎಲ್1, ನೆಸ್ಪ್ರಿನ್ ಜೀನುಗಳೂ ಅಪರೂಪಕ್ಕ ಕಾರಣ ಆಗ್ತಾವ.

ಮನ್ಯಾಗ ನೋಡೋದು ಹೆಂಗ

ಡುಶೆನ್ ಅಂತ ಕೇಳಿರ್ತೀರಿ, ಹುಡುಗರಿಗೆ ಬರೋ ಸ್ನಾಯು ರೋಗ ಅಂದ್ರ ಎಲ್ರಿಗೂ ಅದ ನೆನಪಾಗ್ತೈತಿ. ಅದರಾಗ ಮೊದ್ಲು ಶಕ್ತಿ ಹೋಗ್ತೈತಿ, ಮೀನಖಂಡ ದಪ್ಪ ಆಗಿ ಕಾಣ್ತೈತಿ, ನೆಲದಿಂದ ಏಳಾಕ ತೊಡಿ ಮ್ಯಾಲ ಕೈ ಊರಿ ಏರ್ತಾರ, ಕೀಲು ಬಿಗಿಯೋದು ಆಮ್ಯಾಲ. ಎಮರಿ ಡ್ರೈಫಸ್ಸಿನ್ಯಾಗ ಉಲ್ಟಾ, ಶಕ್ತಿ ಇನ್ನಾ ಛಲೋ ಇರೋವಾಗನ ಕೀಲು ಬಿಗಿತೈತಿ. ಹುಡುಗ ಸಾಲಿಗೆ ಹೋಗ್ತಿರ್ತಾನ, ಕಬಡ್ಡಿ ಆಡ್ತಿರ್ತಾನ, ಆದ್ರ ಕೈ ಚಾಚು ಅಂದ್ರ ಮೊಣಕೈ ಒಂದೀಟು ಮಡಚಿಕೊಂಡ ಇರ್ತೈತಿ.

ನೋಡೋ ಜಾಗ ಮೂರು. ಎರಡೂ ಕೈ ಮುಂದ ಚಾಚಿ ಅಂಗೈ ಮ್ಯಾಲ ಮಾಡಿಸ್ರಿ, ಮೊಣಕೈ ಪೂರಾ ನೆಟ್ಟಗಾಗ್ತಾವೇನು ನೋಡ್ರಿ, ಜೋರಾಗಿ ಒತ್ತಬ್ಯಾಡ್ರಿ. ಆಮ್ಯಾಲ ಕುಕ್ಕರಗಾಲಿನ್ಯಾಗ ಕುಂದರಸ್ರಿ, ಹಿಮ್ಮಡಿ ನೆಲಕ್ಕ ಹತ್ತತೈತೇನು, ನಮ್ಮ ಹುಡುಗರು ಬಯಲಿಗೆ ಕುಂತು ರೂಢಿ ಇರೋರು, ಹಿಮ್ಮಡಿ ಹತ್ತಲಿಲ್ಲ ಅಂದ್ರ ಅದು ಬರೀ ಅಭ್ಯಾಸದ ಕೊರತಿ ಅಂತ ಬಿಡಾಕ ಬರಂಗಿಲ್ಲ. ಮೂರನೇದು ಗದ್ದ ಎದಿಗೆ ಹತ್ತಸು ಅನ್ರಿ, ಕುತ್ತಿಗಿ ಹಿಂದಿನ ಭಾಗ ಬಿಗಿದಿದ್ರ ಹತ್ತಂಗಿಲ್ಲ, ಮುಂದ ಬೆನ್ನೂ ಬಿಗಿತೈತಿ. ಇದರ ಜೊತಿ ಅಂಗಿ ಬಿಚ್ಚಿಸಿ ನೋಡ್ರಿ, ತೋಳಿನ ಮ್ಯಾಲಿನ ಭಾಗ ಸಣ್ಣಗಾಗಿ ಮುಂಗೈ ಛಲೋ ಇರೋದು, ಮೊಣಕಾಲ ಕೆಳಗ ಕಾಲು ಸಣ್ಣಗಾಗೋದು, ಇವು ಈ ಕಾಯಿಲಿ ಗುರ್ತು. ಮೀನಖಂಡ ದಪ್ಪ ಆಗೋದು ಇದರಾಗ ಸಾಮಾನ್ಯ ಅಲ್ಲ.

ನಾಡಿ ಎಣಸೋದನ್ನ ಮರಿಬ್ಯಾಡ್ರಿ. ಮಣಿಕಟ್ಟಿನ ಹೆಬ್ಬೆರಳ ಬದಿಗೆ ಎರಡು ಬೆರಳಿಟ್ಟು ಪೂರ್ತಿ 1 ನಿಮಿಷ ಎಣಸ್ರಿ, 15 ಸೆಕೆಂಡ್ ಎಣಿಸಿ ನಾಕರಿಂದ ಗುಣಿಸಬ್ಯಾಡ್ರಿ, ಯಾಕಂದ್ರ ಇಲ್ಲಿ ಬಡಿತ ತಪ್ಪತಾವ, ನಡುವ ನಿಂತು ಬರ್ತಾವ, ಗಡಿಬಿಡಿ ಲೆಕ್ಕದಾಗ ಅದು ಸಿಗಂಗಿಲ್ಲ. ಸುಮ್ನ ಕುಂತಾಗ 50ಕಿಂತ ಕಡಿಮಿ ಐತಿ, ಇಲ್ಲಾ ಒಂದಕ್ಕೊಂದು ತಾಳಿಲ್ಲದಂಗ ಬಡಿತೈತಿ, ಇಲ್ಲಾ ಎದ್ದು ನಿಂತಾಗ ಕಣ್ಣು ಕತ್ತಲಾಗಿ ಬಿದ್ದಾನ ಅಂದ್ರ ಅವತ್ತ ತಾಲೂಕು ಆಸ್ಪತ್ರಿಗೆ ಹೋಗಿ ಇಸಿಜಿ ತಗಸ್ರಿ. ಬಿದ್ದವನಿಗೆ ಗಾಳಿ ಹೊಡದೈತಿ ಅಂತ ತಾಯತ ಕಟ್ಟಿಸಿ ಮನ್ಯಾಗ ಮಲಗಸ್ತಾರ ನಮ್ಮ ಕಡೆ, ತಾಯತ ಬೇಕಾದ್ರ ಕಟ್ರಿ, ಇಸಿಜಿ ಆದ್ ಮ್ಯಾಲ ಕಟ್ರಿ.

ಮನೆತನದ ಪಟ್ಟಿ ಬರಿಯೋದು

ಡಾಕ್ಟರ್ ಹತ್ರ ಹೋಗೋದಕ್ಕಿಂತ ಮುಂಚೆ ಇದನ್ನ ಮಾಡ್ಕೊಂಡು ಹೋದ್ರ ಅರ್ಧ ಕೆಲಸ ಮುಗೀತು ಅಂತ ತಿಳ್ಕೊಳ್ರಿ, ಯಾಕಂದ್ರ ಓಪಿಡಿಯಾಗ ಡಾಕ್ಟರ್ ಕೇಳಾಕ ಸಿಗೋದು ಸ್ವಲ್ಪ ಹೊತ್ತು, ಆಗ ಅವ್ವಗ ತವರುಮನಿ ಕಥಿ ನೆನಪಾಗಂಗಿಲ್ಲ. ಒಂದು ಹಾಳ್ಯಾಗ ಗಂಡಸರಿಗೆ ಚೌಕ, ಹೆಣ್ಣುಮಕ್ಕಳಿಗೆ ವೃತ್ತ, ಮೂರು ತಲಿಮಾರು ಬರೀರಿ. ಕಾಯಿಲಿ ಇದ್ದವರದ್ದು ತುಂಬ್ರಿ, ತೀರಿಕೊಂಡವರ ಮ್ಯಾಲ ಅಡ್ಡಗೆರಿ ಹಾಕ್ರಿ, ಸಂಬಂಧದಾಗ ಮದುವಿ ಆಗಿದ್ರ ಗಂಡ ಹೆಂಡ್ತಿ ನಡುವ ಜೋಡಿಗೆರಿ. ವಯಸ್ಸಾದವರನ್ನ ಕೂಡಿಸ್ಕೊಂಡು ಕೇಳ್ರಿ, ಆಯಿ ಇದ್ರ ಆಯಿನ್ನ ಮೊದ್ಲು. ಕೇಳಬೇಕಾದ್ದು ಬರೀ "ಯಾರಿಗೆ ಕಾಲಿಲ್ಲ" ಅಂತಲ್ಲ. ಮೂವತ್ತು ನಲವತ್ತರಾಗ ಹೊಲದಾಗ ಕುಸುದು ಬಿದ್ದು ಹೋದ್ರು, ಮಲಗಿದವ್ರು ಏಳಲೇ ಇಲ್ಲ, ಸಣ್ಣ ವಯಸ್ಸಿನ್ಯಾಗ ಲಕ್ವಾ ಹೊಡೀತು, ಪೇಸ್‌ಮೇಕರ್ ಹಾಕಿಸ್ಯಾರ, ಹಾರ್ಟ್ ದೊಡ್ಡದಾಗೈತಿ ಅಂದಿದ್ರು, ಇವೆಲ್ಲಾ ಬರೀರಿ. ಕೈಕಾಲು ಗಟ್ಟಿಯಿದ್ದು ಬರೀ ಹಾರ್ಟಿನ ಕಾಯಿಲಿ ಇದ್ದವರಿಗೂ ಎಲ್ಎಮ್ಎನ್ಎ ದೋಷ ಇರಬಹುದು, ಒಂದ ಮನ್ಯಾಗ ಅಣ್ಣಗ ಸ್ನಾಯು ಕಾಯಿಲಿ, ತಮ್ಮಗ ಬರೀ ಹಾರ್ಟು, ಹಿಂಗೂ ಆಗ್ತೈತಿ.

ಪಟ್ಟಿ ನೋಡಿದ್ರ ಹರಿಯೋ ದಾರಿ ತಿಳಿತೈತಿ. ಎಮರಿನ್ ಆದ್ರ ಅವ್ವನ ಕಡಿಂದ ಗಂಡುಮಕ್ಕಳಿಗೆ, ಸೋದರಮಾವಗ ಇತ್ತು ಈಗ ಅಳಿಯಗ ಬಂತು ಅನ್ನೋ ಥರ, ಅಪ್ಪನಿಂದ ಮಗಗ ಬರಂಗಿಲ್ಲ, ಕಾಯಿಲಿ ಇರೋ ಅಪ್ಪನ ಹೆಣ್ಣುಮಕ್ಕಳೆಲ್ಲಾ ವಾಹಕರಾಗ್ತಾರ, ಅಂದ್ರ ದೋಷ ಹೊತ್ತಿರ್ತಾರ. ಎಲ್ಎಮ್ಎನ್ಎ ಆದ್ರ ಸಾಮಾನ್ಯವಾಗಿ ಅಪ್ಪ ಅವ್ವ ಯಾರಿಂದಾದ್ರೂ, ಗಂಡಿಗಾದ್ರೂ ಹೆಣ್ಣಿಗಾದ್ರೂ, ಒಂದೊಂದು ಮಗುವಿಗೂ 50 ಪರ್ಸೆಂಟ್. ಬಾಳ ಕೇಸಿನ್ಯಾಗ ಅಪ್ಪ ಅವ್ವ ಇಬ್ರಿಗೂ ಇರಂಗಿಲ್ಲ, ಮಗುವಿನ್ಯಾಗ ಹೊಸದಾಗಿ ಹುಟ್ಟಿರ್ತೈತಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಅಕ್ಕನ ಮಗಳನ್ನ ಮಾಡ್ಕೊಳ್ಳೋದು, ಅತ್ತಿ ಮಗನಿಗೆ ಕೊಡೋದು ಮಾಮೂಲು, ಮಗುವಿಗೆ ಏನಾದ್ರೂ ಆತಂದ್ರ ಸಂಬಂಧದಾಗ ಕೊಟ್ಟಿದ್ದಕ್ಕ ಹಿಂಗಾತು ಅಂತ ಬೀಗರು ಬೀಗರು ಜಗಳ ಹಚ್ಚಿಕೊಂಡು ಕುಂದರತಾರ. ಅಪ್ಪ ಅವ್ವ ಎರಡೂ ಕಡಿಂದ ಜೀನಿನ ಕೆಟ್ಟ ಪ್ರತಿ ಬಂದಾಗ ಮಾತ್ರ ಬರೋ ಕಾಯಿಲಿಗಳಿಗೆ ಸಂಬಂಧದ ಮದುವಿ ಖರೇನ ಅಪಾಯ ಹೆಚ್ಚಸ್ತೈತಿ. ಆದ್ರ ಮ್ಯಾಲ ಹೇಳಿದ ಎರಡೂ ದಾರಿಗೆ ಒಂದು ಕೆಟ್ಟ ಪ್ರತಿ ಸಾಕು, ಹೊರಗಿನ ಹೆಣ್ಣು ತಂದಿದ್ರೂ ಬರ್ತಿತ್ತು. ಅದಕ್ಕ ಜೀನ್ ರಿಪೋರ್ಟ್ ಬರೋವರೆಗೂ ಯಾರ ಮ್ಯಾಲೂ ತಪ್ಪು ಹೊರಸಬ್ಯಾಡ್ರಿ, ಸೊಸಿ ಮ್ಯಾಲಂತೂ ಬ್ಯಾಡ.

ಟೆಸ್ಟುಗಳು, ಯಾವ ಕ್ರಮದಾಗ

ಮೊದ್ಲು ಇಸಿಜಿ. ಪಿ ಅಲೆ (ಹಾರ್ಟಿನ ಮ್ಯಾಲಿನ ಕೋಣೆಯ ಗೆರಿ) ಸಣ್ಣದಾಗೋದು, ಪಿಆರ್ ಅಂತರ (ಮ್ಯಾಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಮುಟ್ಟೋ ಹೊತ್ತು) ಉದ್ದ ಆಗೋದು, ಏಟ್ರಿಯಲ್ ಫೈಬ್ರಿಲೇಷನ್ (ಮ್ಯಾಲಿನ ಕೋಣೆ ತಾಳ ತಪ್ಪಿ ನಡುಗೋದು), ಹಾರ್ಟ್ ಬ್ಲಾಕ್ (ರಕ್ತನಾಳ ಅಲ್ಲ, ಬಡಿತದ ಸಂದೇಶದ ದಾರಿ ಕಟ್ಟೋದು), ಇವು ನೋಡಬೇಕಾದ್ದು. ಒಂದು ಇಸಿಜಿ ನಾರ್ಮಲ್ ಬಂತಂದ್ರ ಮುಗೀತು ಅನ್ಕೋಬ್ಯಾಡ್ರಿ, ಅದು ಹಿಡಿಯೋದು ಕೆಲವ ಸೆಕೆಂಡಿನ ಬಡಿತ, ಅದಕ್ಕ 24 ಗಂಟಿ ಹೋಲ್ಟರ್ (ಮೈಮ್ಯಾಲ ಕಟ್ಕೊಂಡು ಬಡಿತ ದಾಖಲಿಸೋ ಸಣ್ಣ ಯಂತ್ರ) ಬೇಕು, ಎಕೋ (ಹಾರ್ಟಿನ ಸ್ಕ್ಯಾನ್) ಬೇಕು. ಇವು ಬಳ್ಳಾರಿ ರಾಯಚೂರಿನ್ಯಾಗ ಆಗ್ತಾವ, ಅದಕ್ಕೂ ಮುಂದಿನ ಹಾರ್ಟಿನ ಕೆಲಸ ಇದ್ರ ರಾಯಚೂರು ಕಡೆಯವರಿಗೆ ಕಲಬುರಗಿ ಜಯದೇವ ಐತಿ. ಹೋಲ್ಟರ್ ಹಾಕ್ಕೊಂಡ ದಿನ ಮನ್ಯಾಗ ಮಲಕೊಂಡು ಕಳಿಬ್ಯಾಡ್ರಿ, ದಿನಾ ಮಾಡೋ ಕೆಲಸ ಮಾಡ್ರಿ.

ರಕ್ತದಾಗ ಸಿಕೆ ನೋಡಸ್ತಾರ, ಸ್ನಾಯು ಕೆಟ್ಟಾಗ ರಕ್ತಕ್ಕ ಸೋರೋ ಪದಾರ್ಥ ಅದು. ಡುಶೆನ್ನಿನ್ಯಾಗ ಇದು ಸಾವಿರಗಟ್ಲೆ, ಹತ್ತು ಸಾವಿರ ದಾಟಿದ್ದೂ ಇರ್ತೈತಿ. ಎಮರಿ ಡ್ರೈಫಸ್ಸಿನ್ಯಾಗ ಸ್ವಲ್ಪ ಹೆಚ್ಚಿರ್ತೈತಿ, ಇಲ್ಲಾ ನಾರ್ಮಲ್ಲೇ ಇರ್ತೈತಿ. ಸಿಕೆ ನಾರ್ಮಲ್ ಐತಿ ಅಂದ್ರ ಸ್ನಾಯು ರೋಗ ಇಲ್ಲ ಅಂತ ಕಳಸಿಬಿಡೋದು ಇಲ್ಲಿ ಆಗೋ ದೊಡ್ಡ ಎಡವಟ್ಟು.

ಆಮ್ಯಾಲ ಜೀನ್ ಟೆಸ್ಟ್. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋಮಸ್ಕ್ಯುಲರ್ ಡಾಕ್ಟರುಗಳು, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಹೈದರಾಬಾದಿನ ಜೀನ್ ಸಂಶೋಧನಾ ಸಂಸ್ಥೆ ಸಿಡಿಎಫ್‌ಡಿ, ಇವು ಗೊತ್ತಿರೋ ಜಾಗ. ಕೊಪ್ಪಳ, ಹೊಸಪೇಟಿ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಮುಂಜಾನಿ ಬೆಂಗಳೂರು. ಹೋಗುವಾಗ ಹಳೇ ಇಸಿಜಿಗಳ ಅಸಲು ತಗೊಂಡು ಹೋಗ್ರಿ, ಆ ಕಾಗದದ ಮ್ಯಾಲಿನ ಗೆರಿ ದಿನ ಕಳದಂಗ ಮಾಸ್ತಾವ, ಅದಕ್ಕ ಜೆರಾಕ್ಸ್ ಮಾಡಿಸಿ ಫೋನಿನ್ಯಾಗ ಫೋಟೋನೂ ಇಟ್ಕೊಳ್ರಿ. ಎಮರಿನ್ ಇಲ್ಲೇನು ಅಂತ ಸ್ನಾಯು ಇಲ್ಲಾ ಚರ್ಮದ ಚೂರಿನ್ಯಾಗ ಬಣ್ಣ ಹಾಕಿ ನೋಡೋ ದಾರಿಯೂ ಐತಿ, ಲ್ಯಾಮಿನ್ನಿಗೆ ಇದು ಅಷ್ಟು ಉಪಯೋಗಕ್ಕ ಬರಂಗಿಲ್ಲ, ಯಾಕಂದ್ರ ಪ್ರೋಟೀನು ಇರ್ತೈತಿ, ಕೆಟ್ಟಿರ್ತೈತಿ ಅಷ್ಟ.

ರಿಪೋರ್ಟ್ ಬಂದಾಗ ನೋಡೋದು ಯಾವ ಜೀನು, ಯಾವ ಬದಲಾವಣಿ, ಅದನ್ನ ಪ್ಯಾಥೋಜೆನಿಕ್ (ಕಾಯಿಲಿಗೆ ಕಾರಣ) ಅಂದಾರೋ, ಲೈಕ್ಲಿ ಪ್ಯಾಥೋಜೆನಿಕ್ (ಬಹುಶಃ ಕಾರಣ) ಅಂದಾರೋ, ವಿಯುಎಸ್ ಅಂದಾರೋ. ವಿಯುಎಸ್ ಅಂದ್ರ ಬದಲಾವಣಿ ಸಿಕ್ಕೈತಿ ಆದ್ರ ಅದ ಕಾರಣ ಅಂತ ಈಗ ಹೇಳಾಕ ಬರಂಗಿಲ್ಲ. ಇಂಥಾ ರಿಪೋರ್ಟ್ ಇಟ್ಕೊಂಡು ಮಗಳ ಮದುವಿ ಮುರಿಯೋದು, ಬಸುರು ತಗಸೋದು ಮಾಡಬಾರದು. ಅಪ್ಪ ಅವ್ವ, ಕಾಯಿಲಿ ಇರೋ ಇನ್ನೊಬ್ರ ರಕ್ತ ಕೊಟ್ಟು ಕಾಯಿಲಿ ಜೊತಿಗೆ ಬದಲಾವಣಿಯೂ ಹರದೈತೇನು ಅಂತ ನೋಡಸ್ತಾರ, ಆಗ ಅದರ ಅರ್ಥ ಬಗೆಹರೀಬಹುದು. ರಿಪೋರ್ಟಿನ್ಯಾಗ ಏನೂ ಸಿಗಲಿಲ್ಲ ಅಂದ್ರೂ ಹಾರ್ಟಿನ ತಪಾಸಣಿ ನಿಲ್ಲಸಬ್ಯಾಡ್ರಿ, ಕೆಲವು ಥರದ ದೋಷ ಈ ಟೆಸ್ಟಿಗೆ ಸಿಗಂಗಿಲ್ಲ.

ಗೊತ್ತಾದ್ ಮ್ಯಾಲ

ಜೀನು ರಿಪೇರಿ ಮಾಡೋ ಔಷಧ ಇನ್ನಾ ಇಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ನಡಸ್ತೀವಿ ಅಂತ ಲಕ್ಷಗಟ್ಲೆ ಕೇಳೋರು ಅದಾರ, ಅದು ಸಾಬೀತಾದ ಚಿಕಿತ್ಸಿ ಅಲ್ಲ, ಹೊಲ ಮಾರಿ ಹೋಗಬ್ಯಾಡ್ರಿ. ಆದ್ರ ಔಷಧ ಇಲ್ಲ ಅಂದ್ರ ಮಾಡೋದು ಏನೂ ಇಲ್ಲ ಅಂತಲ್ಲ, ಈ ಕಾಯಿಲಿಯಾಗ ಜೀವ ಉಳಸೋ ಕೆಲಸ ಬಾಳ ಐತಿ. ವರ್ಷಕ್ಕೊಮ್ಮೆಯಾದ್ರೂ ಇಸಿಜಿ, ಹೋಲ್ಟರ್, ಎಕೋ, ಕೈಕಾಲು ಹೆಂಗ ಇದ್ರೂ ಸೈ. ಬಡಿತ ನಿಧಾನ ಆದ್ರ ಪೇಸ್‌ಮೇಕರ್ ಹಾಕ್ತಾರ. ಎಲ್ಎಮ್ಎನ್ಎ ಇದ್ದವರಿಗೆ ಒಮ್ಮೊಮ್ಮೆ ಅದು ಸಾಕಾಗಂಗಿಲ್ಲ, ಯಾಕಂದ್ರ ಹಾರ್ಟಿನ ಕೆಳಗಿನ ಕೋಣೆಯಿಂದ ಅಪಾಯದ ವೇಗದ ಬಡಿತ (ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಎದ್ದು ಜೀವ ಹೋಗಬಹುದು, ಅದನ್ನ ಶಾಕ್ ಕೊಟ್ಟು ನಿಲ್ಲಸೋ ಯಂತ್ರ ಐಸಿಡಿ, ಅದನ್ನ ಮೈಯೊಳಗ ಕೂಡಸ್ತಾರ. ಹೋಲ್ಟರಿನ್ಯಾಗ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಕಂಡಿರೋದು, ಎಕೋದಾಗ ಹಾರ್ಟಿನ ಪಂಪಿಂಗ್ 45 ಪರ್ಸೆಂಟಿಗಿಂತ ಇಳಿದಿರೋದು, ಗಂಡಸಾಗಿರೋದು, ಬದಲಾವಣಿ ಮಿಸ್‌ಸೆನ್ಸ್ (ಒಂದು ಅಮೈನೋ ಆಸಿಡ್ ಬದಲಾಗೋದು) ಅಲ್ಲದ ಥರದ್ದಾಗಿರೋದು, ಇವು ಅಪಾಯ ಹೆಚ್ಚಸ್ತಾವ. ಪೇಸ್‌ಮೇಕರ್ ಮಾತು ಬಂದಾಗ "ಇದು ಎಲ್ಎಮ್ಎನ್ಎ ಕೇಸ್ರಿ ಸರ, ಐಸಿಡಿ ಬೇಕಾಗ್ತೈತೇನ್ರಿ" ಅಂತ ಬಾಯಿ ಬಿಟ್ಟು ಕೇಳ್ರಿ. ಏಟ್ರಿಯಲ್ ಫೈಬ್ರಿಲೇಷನ್ ಇದ್ರ ರಕ್ತ ಹೆಪ್ಪುಗಟ್ಟದಂಗ ಗುಳಿಗಿ ಕೊಡ್ತಾರ, ಅದನ್ನ ತಾವಾ ನಿಲ್ಲಸಿದವರಿಗೆ ಲಕ್ವಾ ಹೊಡಿಯೋ ಅಪಾಯ ಐತಿ. ದುಡ್ಡಿನ ವಿಷಯಕ್ಕ ಬಿಪಿಎಲ್ ಕಾರ್ಡ್, ಆಧಾರ್ ತಗೊಂಡು ಹೋಗಿ ಆಸ್ಪತ್ರಿಯ ಆರೋಗ್ಯಮಿತ್ರನ್ನ (ಸರ್ಕಾರಿ ಆರೋಗ್ಯ ಯೋಜನೆಗೆ ಸಹಾಯ ಮಾಡೋ ಸಿಬ್ಬಂದಿ) ಮೊದ್ಲ ಕಾಣ್ರಿ, ರೆಫರಲ್ ಚೀಟಿ ಇಲ್ಲದ ಅಡ್ಮಿಟ್ ಆದ್ ಮ್ಯಾಲ ಓಡಾಡೋದು ಕಷ್ಟ.

ನನ್ನ ಕಡೆಯ ಕೆಲಸ ಅಂದ್ರ ಎಳೆತದ ವ್ಯಾಯಾಮ, ರಾತ್ರಿ ಪಾದಕ್ಕ ಸ್ಪ್ಲಿಂಟ್. ದಿನಾ ನಿಧಾನಕ ಎಳಿಬೇಕು, ನೋವು ಬರೋವಂಗ ಜಗ್ಗೋದು, ಯಾರೋ ಹೇಳಿದ್ರಂತ ಮೊಣಕೈಗೆ ಇಟ್ಟಂಗಿ ಕಟ್ಟಿ ಇಳಿಬಿಡೋದು ಬ್ಯಾಡ. ಹಿಮ್ಮಡಿ ಹಿಂದಿನ ಸ್ನಾಯುರಜ್ಜು ಬಾಳ ಬಿಗಿದಿದ್ರ ಆಪರೇಷನ್ ಮಾಡಿ ಉದ್ದ ಮಾಡ್ತಾರ. ಯಾವ ಆಪರೇಷನ್ ಇದ್ರೂ, ಹಲ್ಲು ಕೀಳೋದರಿಂದ ಹಿಡಿದು, ಅರಿವಳಿಕೆ ಡಾಕ್ಟರಿಗೆ ಮೊದ್ಲ ಹೇಳ್ರಿ, ಹಾರ್ಟಿನ ಕಾರಣಕ್ಕೂ, ಕುತ್ತಿಗಿ ಬಗ್ಗದ ಉಸಿರಿನ ಕೊಳವಿ ಹಾಕಾಕ ಕಷ್ಟ ಆಗೋದಕ್ಕೂ, ಸಕ್ಸಿನೈಲ್‌ಕೋಲಿನ್‌ನಂಥ ಕೆಲವು ಔಷಧ ಸ್ನಾಯು ರೋಗದವರಿಗೆ ಆಗದಿರೋದಕ್ಕೂ.

ಇದ ನ್ಯೂಕ್ಲಿಯಸ್ ಹೊದಿಕೆಯ ಬ್ಯಾರೆ ಕಾಯಿಲಿ

ಎಲ್ಎಮ್ಎನ್ಎದಾಗ ದೋಷ ಎಲ್ಲಿ ಬಿದ್ದೈತಿ ಅನ್ನೋದರ ಮ್ಯಾಲ ಕಾಯಿಲಿನೇ ಬ್ಯಾರೆ ಆಗ್ತೈತಿ. 482ನೇ ಜಾಗದ ಅರ್ಜಿನೈನ್ ಅನ್ನೋ ಅಮೈನೋ ಆಸಿಡ್ ಬದಲಾದ್ರ ಡನಿಗನ್ ಲೈಪೋಡಿಸ್ಟ್ರೋಫಿ, ಮೈನೆರೆದ್ ಮ್ಯಾಲ ಹುಡುಗಿ ಕೈಕಾಲಿನ ಕೊಬ್ಬು ಕರಗಿ ನರ ಎದ್ದು ಕಾಣ್ತಾವ, ಮುಖ ಕುತ್ತಿಗಿ ತುಂಬಿಕೊಳ್ತೈತಿ, ಸಣ್ಣ ವಯಸ್ಸಿಗೆ ಸಕ್ಕರಿ ಕಾಯಿಲಿ, ರಕ್ತದಾಗ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ವಿಪರೀತ. ಇಂಥವರಿಗೆ ಬರೀ ಶುಗರ್ ಗುಳಿಗಿ ಬರದು ಕಳಸ್ತಾರ, ಕೈಕಾಲು ಯಾರೂ ನೋಡಂಗಿಲ್ಲ. 298ನೇ ಜಾಗದ ಬದಲಾವಣಿ ಎರಡೂ ಪ್ರತಿಯಾಗ ಇದ್ರ ಚಾರ್ಕೋ ಮೇರಿ ಟೂತ್ ಅನ್ನೋ ನರದ ಕಾಯಿಲಿಯ ಒಂದು ಥರ, ಇದಕ್ಕ ಸಂಬಂಧದ ಮದುವಿ ಲೆಕ್ಕಕ್ಕ ಬರ್ತೈತಿ. ಮಕ್ಕಳು ಮುದುಕರಂಗ ಆಗೋ ಪ್ರೊಜೀರಿಯಾನೂ ಇದ ಜೀನು, 2003ರಾಗ ಗೊತ್ತಾತು, ಒಂದು ಅಕ್ಷರದ ಬದಲಾವಣಿಯಿಂದ 50 ಅಮೈನೋ ಆಸಿಡ್ ಕಡಿಮಿ ಇರೋ ಪ್ರೊಜೆರಿನ್ ಅನ್ನೋ ಕೆಟ್ಟ ಲ್ಯಾಮಿನ್ ತಯಾರಾಗ್ತೈತಿ. ಅದಕ್ಕ ಲೋನಾಫಾರ್ನಿಬ್ ಅನ್ನೋ ಔಷಧಕ್ಕ ಅಮೆರಿಕಾದಾಗ 2020ರಾಗ ಒಪ್ಪಿಗಿ ಸಿಕ್ತು, ಆಯುಷ್ಯ ಹೆಚ್ಚಸ್ತೈತಿ, ಗುಣ ಮಾಡಂಗಿಲ್ಲ.

ಲ್ಯಾಮಿನ್ ಬಿ1 ಜೀನು ಒಂದು ಪ್ರತಿ ಹೆಚ್ಚಾದ್ರ ನಲವತ್ತು ಐವತ್ತರಾಗ ಮಿದುಳಿನ ಬಿಳಿ ಭಾಗ ಕೆಡ್ತೈತಿ, ಮೊದ್ಲು ಮೂತ್ರದ ತೊಂದ್ರಿ, ನಿಂತಾಗ ಬಿಪಿ ಇಳಿಯೋದು. ಹೊದಿಕೆಗೆ ಸಂಬಂಧಪಟ್ಟ ಟಾರ್ಸಿನ್ ಎ ಅನ್ನೋ ಪ್ರೋಟೀನಿನ ದೋಷದಿಂದ ಹುಡುಗರ ಕಾಲು ತಿರುಚಿಕೊಳ್ಳೋ ಡಿಸ್ಟೋನಿಯಾ, ಇದರ ದೋಷ ಹೊತ್ತವರೊಳಗ ಸುಮಾರು 30 ಪರ್ಸೆಂಟ್ ಮಂದಿಗೆ ಮಾತ್ರ ಕಾಯಿಲಿ ಕಾಣ್ತೈತಿ. ಲ್ಯಾಮಿನ್ ಬಿ ರಿಸೆಪ್ಟರಿನ ಒಂದ ಪ್ರತಿ ಕೆಟ್ರ ಬಿಳಿ ರಕ್ತಕಣದ ನ್ಯೂಕ್ಲಿಯಸ್ ಎರಡ ಹೋಳಾಗಿ ಕಾಣ್ತೈತಿ, ಪೆಲ್ಗರ್ ಹ್ಯೂವೆಟ್ ಅಂತಾರ, ಮನುಷ್ಯಗ ಏನೂ ತೊಂದ್ರಿ ಇಲ್ಲ, ಲ್ಯಾಬಿನವರು ಗಾಬರಿ ಆಗ್ತಾರ ಅಷ್ಟ.

ಉಳದವರಿಗೆ ಟೆಸ್ಟ್

ಒಬ್ರಿಗೆ ಬದಲಾವಣಿ ಖಾತ್ರಿ ಆತಂದ್ರ ಉಳದವರಿಗೆ ಅದೊಂದ ಜಾಗ ನೋಡಿದ್ರ ಸಾಕು, ಖರ್ಚೂ ಕಡಿಮಿ. ಅಪ್ಪ ಅವ್ವ ಇಬ್ರದೂ ನೆಗೆಟಿವ್ ಬಂದ್ರೂ ಮುಂದಿನ ಮಗುವಿಗೆ ಬರೋ ಸಾಧ್ಯತೆ ಪೂರಾ ಸೊನ್ನೆ ಅಲ್ಲ, ವೀರ್ಯ ಇಲ್ಲಾ ಅಂಡದ ಕೋಶದಾಗ ಅಡಗಿ ಬಂದ ಉದಾಹರಣೆ ಅದಾವ, ಅದಕ್ಕ ಬಸುರಾದ ಕೂಡ್ಲೇ ಜೆನೆಟಿಕ್ಸ್ ಡಾಕ್ಟರನ್ನ ಕಾಣ್ರಿ, 11 ವಾರ ಆದ್ ಮ್ಯಾಲ ಮಾಸದ (ಪ್ಲಾಸೆಂಟಾ) ಚೂರು ತಗದು ನೋಡಾಕ ಬರ್ತೈತಿ. ಗಂಡೋ ಹೆಣ್ಣೋ ಅಂತ ಹೇಳೋದು ಮಾತ್ರ ಕಾನೂನಿನ್ಯಾಗ ಇಲ್ಲ, ಕೇಳಾಕೂ ಹೋಗಬ್ಯಾಡ್ರಿ.

ಎಮರಿನ್ ಮನೆತನದಾಗ ಹೆಣ್ಣುಮಕ್ಕಳನ್ನ ಬಿಟ್ಟುಬಿಡ್ತಾರ, ಅವರಿಗೆ ಕೈಕಾಲು ಛಲೋ ಇರ್ತಾವಲ್ಲ ಅದಕ್ಕ. ವಾಹಕರೊಳಗ ಕೆಲವರಿಗೆ ವಯಸ್ಸಾದಂಗ ಹಾರ್ಟ್ ಬ್ಲಾಕ್ ಬರ್ತೈತಿ, ಅವ್ವಗ, ಅಕ್ಕ ತಂಗೇರಿಗೆ, ಚಿಕ್ಕವ್ವಗ, ಗಂಡನ ಮನಿಗೆ ಹೋದವರಿಗೂ ಸೇರಿ ಇಸಿಜಿ ಮಾಡಿಸ್ರಿ. ಹುಡುಗನ ಅಂಗವಿಕಲರ ಕಾರ್ಡಿಗೂ ಅರ್ಜಿ ಹಾಕ್ರಿ, ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಕಾಯ್ದೆಯ 21 ಅಂಗವಿಕಲತೆಯೊಳಗ ಐತಿ, ಜಿಲ್ಲಾ ಆಸ್ಪತ್ರಿಯ ಮೆಡಿಕಲ್ ಬೋರ್ಡಿಗೆ ಹೋಗುವಾಗ ಜೀನ್ ರಿಪೋರ್ಟ್ ಜೊತಿ ಹಾರ್ಟಿನ ರಿಪೋರ್ಟೂ ಇಡ್ರಿ, ಯಾಕಂದ್ರ ಎದ್ದು ನಡಿಯೋ ಹುಡುಗನ್ನ ನೋಡಿ ಇವನಿಗೇನಾಗೈತಿ ಅಂತ ಕೇಳೋರು ಅಲ್ಲೂ ಸಿಗ್ತಾರ.